ವಿದ್ವತ್ತಿನ ನೆರೆಹೊರೆ

ವಿದ್ವಾಂಸನೆಂದೊಡನೆ ನಮ್ಮ ಕಣ್ಣಮುಂದೆ ಬರುವ ಚಿತ್ರ ಬಹುಮಟ್ಟಿಗೆ ಒಂದೇ. ಒಂದು ಕೋಣೆ, ಅದರ ತುಂಬ ಪುಸ್ತಕ, ಮುಚ್ಚಿದ ಬಾಗಿಲು, ಒಳಗೆ ಹೊತ್ತು ಕಳೆದದ್ದರ ಪರಿವೆಯಿಲ್ಲದೆ ಓದುತ್ತ ಬರೆಯುತ್ತ ಕುಳಿತ ಒಬ್ಬ ಮನುಷ್ಯ. ಅವನ ಕೆಲಸವನ್ನು ನಾವು ತಪಸ್ಸೆಂದು ಕರೆಯುತ್ತೇವೆ. ಆ ಮಾತಿನಲ್ಲಿ ಗೌರವವಿದೆ. ಆದರೆ ಪೂರ್ಣ ಸತ್ಯವಿಲ್ಲ. ತಪಸ್ಸು ಫಲಿಸಿತೆಂದು ತಿಳಿಸಲು ಪುರಾಣದ ಋಷಿಗೆ ದೇವರೇ ಪ್ರತ್ಯಕ್ಷನಾಗುತ್ತಿದ್ದ. ವಿದ್ವಾಂಸನಿಗೆ ಆ ಅನುಕೂಲವಿಲ್ಲ. ತಾನು ಕಂಡದ್ದು ನಿಜವೋ ಭ್ರಮೆಯೋ ಎಂಬುದನ್ನು ಅವನು ತನ್ನಂತೆಯೇ ಆ ವಿಷಯವನ್ನು ಬಲ್ಲ ಇನ್ನೊಬ್ಬನಿಂದ ಕೇಳಿ ತಿಳಿಯಬೇಕು. ಓದುವುದು, ಬರೆಯುವುದು ಎಂಬ ಎರಡು ಕೆಲಸಗಳ ಜೊತೆಗೆ ತೋರಿಸುವುದು ಎಂಬ ಮೂರನೆಯದೊಂದು ಕೆಲಸವುಂಟು. ಮೊದಲಿನ ಎರಡಕ್ಕೆ ಸಲ್ಲುವ ಗೌರವ ನಮ್ಮಲ್ಲಿ ಈ ಮೂರನೆಯದಕ್ಕೆ ಸಂದಿಲ್ಲವೆಂಬುದು ನನ್ನ ಅಭಿಪ್ರಾಯ.

ಇದಕ್ಕೆ ದೃಷ್ಟಾಂತವಾಗಿ ಚಾರ್ಲ್ಸ್ ಡಾರ್ವಿನ್ನನನ್ನು ತೆಗೆದುಕೊಳ್ಳುತ್ತೇನೆ. ಮೇಲುನೋಟಕ್ಕೆ ಅವನಿಗಿಂತ ಒಂಟಿಯಾದ ವಿಜ್ಞಾನಿ ಸಿಗುವುದು ಕಷ್ಟ. ಅವನು ೧೮೩೧ರ ಡಿಸೆಂಬರಿನಲ್ಲಿ ಬೀಗಲ್ ಎಂಬ ಹಡಗನ್ನೇರಿ ಹೊರಟು, ಐದು ವರ್ಷ ಲೋಕವನ್ನು ಸುತ್ತಿ, ೧೮೩೬ರ ಅಕ್ಟೋಬರಿನಲ್ಲಿ ಇಂಗ್ಲೆಂಡಿಗೆ ಹಿಂದಿರುಗಿದ. ಆಮೇಲೆ ಸಮುದ್ರ ದಾಟಲಿಲ್ಲ. ೧೮೪೨ರಲ್ಲಿ ಲಂಡನ್ನಿನಿಂದ ಸುಮಾರು ೧೬ ಮೈಲಿ ದೂರದ ಡೌನ್ ಎಂಬ ಹಳ್ಳಿಗೆ ಸಂಸಾರದೊಡನೆ ಹೋಗಿ ನೆಲಸಿದವನು, ೧೮೮೨ರಲ್ಲಿ ಸಾಯುವವರೆಗೂ ಅಲ್ಲಿಯೇ ಇದ್ದ. ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಅಧ್ಯಾಪಕನಾಗಿರಲಿಲ್ಲ. ಆರೋಗ್ಯವೋ, ಸದಾ ಕೆಟ್ಟದ್ದು. ಬಂದ ಅತಿಥಿಗಳೊಡನೆ ತುಸು ಹೆಚ್ಚು ಮಾತಾಡಿದರೂ ಆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಇಂಥವನು ಜೀವಜಾತಿಗಳ ಉಗಮವನ್ನು ಕುರಿತ ಗ್ರಂಥವನ್ನು ೧೮೫೯ರಲ್ಲಿ ಪ್ರಕಟಿಸಿ, ಮನುಷ್ಯ ತನ್ನನ್ನು ತಾನು ಕಾಣುವ ಬಗೆಯನ್ನೇ ಬದಲಿಸಿದ. ಹಳ್ಳಿಯ ಮೂಲೆಯಲ್ಲಿ ಕುಳಿತು ಒಬ್ಬನೇ ಇಷ್ಟನ್ನು ಸಾಧಿಸಿದನೆ? ಅವನ ಮನೆಯೊಳಗೆ ಇಣುಕಿ ನೋಡಿದರೆ ಬೇರೆಯೇ ನೋಟ ಕಾಣುತ್ತದೆ.

ಮೊದಲು ಅವನ ಓದನ್ನು ನೋಡೋಣ. ಪುಸ್ತಕವನ್ನು ಪೂಜಿಸುವ ನಮ್ಮಂಥವರಿಗೆ ಅವನ ರೀತಿ ಕೊಂಚ ಕಸಿವಿಸಿಯನ್ನು ಉಂಟುಮಾಡೀತು. ದಪ್ಪ ಪುಸ್ತಕ ಕೈಯಲ್ಲಿ ಹಿಡಿಯಲು ಭಾರವೆನಿಸಿದರೆ ಅದನ್ನು ನಡುವೆ ಎರಡಾಗಿ ಸೀಳಿಬಿಡುತ್ತಿದ್ದ. ಕಿರುಹೊತ್ತಗೆಗಳಲ್ಲಿ ತನಗೆ ಬೇಕಾದ ಹಾಳೆಗಳನ್ನು ಉಳಿಸಿಕೊಂಡು ಮಿಕ್ಕದ್ದನ್ನು ಎಸೆಯುತ್ತಿದ್ದ. ಪುಸ್ತಕ ಅವನಿಗೆ ಬಡಗಿಯ ಉಳಿಯಂತೆ, ಕೆಲಸದ ಸಲಕರಣೆ. ಓದುವಾಗ ಪೆನ್ಸಿಲಿನಿಂದ ಗುರುತು ಮಾಡಿಕೊಂಡು, ತನ್ನ ಕೆಲಸಕ್ಕೆ ಒದಗುವ ಸಂಗತಿಗಳ ಸೂಚಿಯೊಂದನ್ನು ಪುಸ್ತಕದ ಕೊನೆಯಲ್ಲಿ ತಾನೇ ಬರೆದಿಡುತ್ತಿದ್ದ. ಪುಸ್ತಕ ಪರರದಾದರೆ ಸಾರಾಂಶವನ್ನು ಬೇರೆ ಕಾಗದದಲ್ಲಿ ಬರೆದುಕೊಳ್ಳುತ್ತಿದ್ದ. ವಿಷಯಕ್ಕೊಂದರಂತೆ ೩೦ರಿಂದ ೪೦ ದೊಡ್ಡ ಕಡತಗಳು ಹೆಸರು ಅಂಟಿಸಿದ ಗೂಡುಗಳಲ್ಲಿ ಇರುತ್ತಿದ್ದವು. ಹೊಸ ವಿಷಯವನ್ನು ಬರೆಯಲು ತೊಡಗುವ ಮುನ್ನ ಆ ಸೂಚಿಗಳನ್ನೆಲ್ಲ ನೋಡಿ, ತಕ್ಕ ಕಡತಗಳನ್ನು ಹೊರತೆಗೆದರೆ, ಆ ವಿಷಯದಲ್ಲಿ ಜೀವಮಾನವೆಲ್ಲ ಓದಿದ್ದು ಮೇಜಿನ ಮೇಲೆ ಸಿದ್ಧವಾಗಿರುತ್ತಿತ್ತು. ಓದಿದ ಪುಸ್ತಕಗಳಿಗೆ ಒಂದು ಹಲಗೆ, ಓದಬೇಕಾದವಕ್ಕೆ ಇನ್ನೊಂದು. ಎರಡನೆಯದನ್ನು ನೋಡಿ, ಇವುಗಳಲ್ಲಿ ಎಷ್ಟನ್ನೋ ತಾನು ಓದಲಾರೆನೆಂದು ನಿಟ್ಟುಸಿರು ಬಿಡುತ್ತಿದ್ದನಂತೆ. ಈ ನಿಟ್ಟುಸಿರನ್ನು ಬಲ್ಲವರು ಅವನನ್ನು ಹತ್ತಿರದವನೆಂದು ಭಾವಿಸದೆ ಇರಲಾರರು.

ಓದಿನಲ್ಲಿ ಅವನು ಪಾಲಿಸಿದ ಇನ್ನೊಂದು ನಿಯಮ ನನಗೆ ಎಲ್ಲಕ್ಕಿಂತ ಹಿರಿದಾಗಿ ತೋರುತ್ತದೆ. ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಸಂಗತಿಯೇನಾದರೂ ಕಣ್ಣಿಗೆ ಬಿದ್ದರೆ ಅದನ್ನು ತಡಮಾಡದೆ ಆ ಕ್ಷಣದಲ್ಲಿಯೇ ಬರೆದಿಡುತ್ತಿದ್ದ. ತನಗೆ ಅನುಕೂಲವಾದ ಸಂಗತಿ ನೆನಪಿನಲ್ಲಿ ಉಳಿಯುತ್ತದೆ, ಪ್ರತಿಕೂಲವಾದದ್ದು ಬೇಗನೆ ಜಾರಿಹೋಗುತ್ತದೆ ಎಂಬುದನ್ನು ಅವನು ಅನುಭವದಿಂದ ಕಂಡುಕೊಂಡಿದ್ದ. ಎದುರಾಳಿ ಬಾಯಿ ತೆರೆಯುವ ಮುನ್ನವೇ ಅವನ ಮಾತಿಗೆ ತನ್ನ ಕಡತದಲ್ಲಿ ಒಂದು ಹಾಳೆಯನ್ನು ಮೀಸಲಿಟ್ಟ ಹಾಗಾಯಿತು.

ಇನ್ನು ಅವನ ನೆರೆಹೊರೆ. ಹಳ್ಳಿಯಲ್ಲಿ ಕುಳಿತ ಡಾರ್ವಿನ್ನನ ನೆರೆಹೊರೆ ಲೋಕದ ಉದ್ದಗಲಕ್ಕೂ ಹಬ್ಬಿತ್ತು, ಅಂಚೆಯ ಮೂಲಕ. ೧೮೪೦ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದು ಕಾಗದ ಬರೆಯುವುದು ಅಗ್ಗವಾಗಿತ್ತು. ಅವನು ಬರೆದ ಮತ್ತು ಅವನಿಗೆ ಬಂದ ಪತ್ರಗಳಲ್ಲಿ ಸುಮಾರು ೧೫,೦೦೦ ಈಗ ಪತ್ತೆಯಾಗಿವೆ. ೧೯೭೪ರಲ್ಲಿ ತೊಡಗಿದ ಸಂಪಾದನ ಕಾರ್ಯದ ಫಲವಾಗಿ ಅವು ೩೦ ಸಂಪುಟಗಳಲ್ಲಿ ಅಚ್ಚಾಗಿವೆ. ಪತ್ರ ಬರೆದವರೆಲ್ಲ ಪಂಡಿತರಲ್ಲ. ತೋಟಗಾರರು, ನಾಯಿ ಸಾಕುವವರು, ವಸಾಹತುಗಳ ಅಧಿಕಾರಿಗಳು, ಪಾದ್ರಿಗಳು, ಲಂಡನ್ನಿನ ಪಾರಿವಾಳದ ಹುಚ್ಚಿನವರು, ಎಲ್ಲರೂ ಅದರಲ್ಲಿದ್ದಾರೆ. ಪಾರಿವಾಳ ಸಾಕುವವರ ಕೂಟಗಳಿಗೆ ತಾನೂ ಸದಸ್ಯನಾಗಿ ಸೇರಿ, ಅವರ ನಡುವೆ ಕುಳಿತು ಕಲಿತ. ಯಾವನೋ ಅಜ್ಞಾತನು ಅವಿವೇಕದ ಪ್ರಶ್ನೆ ಕೇಳಿ ಬರೆದರೂ ಉತ್ತರಿಸದೆ ಬಿಟ್ಟರೆ ಅವನ ಮನಸ್ಸಿಗೆ ಚುಚ್ಚುತ್ತಿತ್ತು. ಕಾಟ ಕೊಡುವ ಪತ್ರಲೇಖಕರಿಗೆ ಕಳಿಸಲೆಂದು ಒಂದು ಉತ್ತರವನ್ನು ಅಚ್ಚು ಮಾಡಿಸಿಯೇನೋ ಇಟ್ಟಿದ್ದ. ಅದನ್ನು ಬಳಸಲು ಮಾತ್ರ ಮನಸ್ಸು ಬರಲಿಲ್ಲ.

ಈ ಪತ್ರಮಿತ್ರರಲ್ಲಿ ಒಬ್ಬನನ್ನು ಕನ್ನಡಿಗರಾದ ನಾವು ಬೇರೊಂದು ಕಾರಣದಿಂದ ಬಲ್ಲೆವು. ೧೮೨೪ರಲ್ಲಿ ಕಿತ್ತೂರಿನ ಚೆನ್ನಮ್ಮ ರಾಣಿಯ ಪಡೆ ಕಲೆಕ್ಟರ್ ಥ್ಯಾಕರೆಯನ್ನು ಕೊಂದಾಗ, ಇಬ್ಬರು ಕಿರಿಯ ಅಧಿಕಾರಿಗಳು ಕೋಟೆಯಲ್ಲಿ ಸೆರೆಯಾದರಷ್ಟೆ. ಅವರಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಸೆರೆಯಿಂದ ಬಿಡುಗಡೆಯಾದ ಈತ ಧಾರವಾಡ ಸೀಮೆಯಲ್ಲಿ ಕೆಲಸಮಾಡುತ್ತ, ಊರೂರಿನ ಕಲ್ಲುಗಳ ಮೇಲಿನ ಕನ್ನಡ ಶಾಸನಗಳನ್ನು ನಕಲು ಮಾಡಿಸಿದ. ಆ ಸಂಗ್ರಹದಲ್ಲಿ ಸುಮಾರು ೬೦೦ ಶಾಸನಗಳಿದ್ದವು. ಚಾಲುಕ್ಯರ ಚರಿತ್ರೆಯನ್ನು ಮುಂದೆ ಬರೆದವರಿಗೆ ಅದು ಆಧಾರವಾಯಿತು. ಇದೇ ಎಲಿಯಟ್ ಮದರಾಸಿನಲ್ಲಿದ್ದಾಗ, ೧೮೫೬ರಲ್ಲಿ, ಡಾರ್ವಿನ್ ಅವನಿಗೆ ಕಾಗದ ಬರೆದು ಭಾರತದ ಸಾಕುಪಾರಿವಾಳಗಳ ಚರ್ಮಗಳನ್ನು ಕಳಿಸಿಕೊಡಬೇಕೆಂದು ಬೇಡಿದ. ಅವು ಹಡಗಿನಲ್ಲಿ ಹೋಗಿ ಡೌನ್ ಹಳ್ಳಿಯನ್ನು ಸೇರಿದವು. ಡಾರ್ವಿನ್ನನ ಮಹಾಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಎಲಿಯಟ್ಟನಿಗೆ ಕೃತಜ್ಞತೆ ಸಂದಿದೆ. ಕನ್ನಡ ಶಾಸನಗಳ ನಕಲುಗಳನ್ನು ಜೋಪಾನ ಮಾಡಿದ ಕೈಯೇ ಆ ಗ್ರಂಥಕ್ಕೂ ಸಾಮಗ್ರಿಯನ್ನು ಒದಗಿಸಿತೆಂಬುದು ಸಂತೋಷದ ಸಂಗತಿಯಲ್ಲವೆ?

ಭಾರತದಿಂದಲೇ ಹೋದ ಇನ್ನೊಂದು ಕಾಗದ ಇದಕ್ಕಿಂತ ಬೆಲೆಯುಳ್ಳದ್ದು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿ ಎಡ್ವರ್ಡ್ ಬ್ಲೈತ್ ಎಂಬ ಪ್ರಾಣಿಶಾಸ್ತ್ರಜ್ಞನಿದ್ದ. ಬೋರ್ನಿಯೋ ದ್ವೀಪದ ಸಾರವಾಕಿನಲ್ಲಿದ್ದ ಆಲ್ಫ್ರೆಡ್ ವಾಲೇಸನೆಂಬ ಯುವಕ ೧೮೫೫ರಲ್ಲಿ ಬರೆದ ಲೇಖನವೊಂದು ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಡಾರ್ವಿನ್ ಅದನ್ನು ಓದಿದ್ದರೂ ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಆ ವರ್ಷದ ಕೊನೆಯಲ್ಲಿ ಬ್ಲೈತ್, ಈ ಲೇಖನ ಚೆನ್ನಾಗಿದೆ, ತಮ್ಮ ಅಭಿಪ್ರಾಯವೇನು ಎಂದು ಡಾರ್ವಿನ್ನನನ್ನೇ ಕೇಳಿ ಬರೆದ. ಲಂಡನ್ನಿಗೆ ಹದಿನಾರು ಮೈಲಿಯಲ್ಲಿದ್ದವನಿಗೆ ಲಂಡನ್ನಿನಲ್ಲಿ ಅಚ್ಚಾದ ಲೇಖನದ ಬೆಲೆಯನ್ನು ಎತ್ತಿ ತೋರಿಸಲು ಕಲ್ಕತ್ತೆಯವನು ಬೇಕಾಯಿತು! ಎಷ್ಟೇ ಓದುಗನಾದರೂ ಒಬ್ಬನ ಕಣ್ಣಿಗೆ ತಪ್ಪಿಹೋಗುವುದು ಇದ್ದೇ ಇರುತ್ತದೆ. ಮುಂದೆ ೧೮೫೮ರಲ್ಲಿ ಇದೇ ವಾಲೇಸ್, ಡಾರ್ವಿನ್ ಇಪ್ಪತ್ತು ವರ್ಷದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ತತ್ತ್ವವನ್ನೇ ತಾನೂ ಸ್ವತಂತ್ರವಾಗಿ ಕಂಡು, ಬರೆದು, ಡಾರ್ವಿನ್ನನಿಗೇ ಕಳಿಸಿದ. ಗೆಳೆಯರಾದ ಲಯಲ್ ಮತ್ತು ಹೂಕರ್ ಇಬ್ಬರ ಬರೆಹಗಳನ್ನೂ ಒಟ್ಟಿಗೆ ಜುಲೈ ೧ರಂದು ಲಿನಿಯನ್ ಸೊಸೈಟಿಯ ಸಭೆಯಲ್ಲಿ ಓದಿಸಿದರು. ದೂರದೇಶದಲ್ಲಿದ್ದ ವಾಲೇಸನ ಒಪ್ಪಿಗೆಯನ್ನು ಮೊದಲು ಕೇಳಲಿಲ್ಲವೆಂಬ ಕೊರತೆ ಆ ಏರ್ಪಾಟಿನಲ್ಲಿ ಉಳಿಯಿತು. ವಾಲೇಸ್ ಮಾತ್ರ ಮುನಿಯಲಿಲ್ಲ. ೧೮೮೯ರಲ್ಲಿ ಆ ತತ್ತ್ವವನ್ನು ಕುರಿತು ತಾನು ಬರೆದ ಪುಸ್ತಕಕ್ಕೆ ಅವನಿಟ್ಟ ಹೆಸರು 'ಡಾರ್ವಿನಿಸಂ'!

ಗೆಳೆಯ ಹೂಕರನ ಮಾತು ಬಂದಿತು. ಜೋಸೆಫ್ ಹೂಕರ್ ಸಸ್ಯಶಾಸ್ತ್ರಜ್ಞ. ಜೀವಜಾತಿಗಳು ಬದಲಾಗುತ್ತವೆಂಬ ತನ್ನ ಗುಟ್ಟನ್ನು ಡಾರ್ವಿನ್ ಅಂಜುತ್ತಂಜುತ್ತ ೧೮೪೪ರಲ್ಲಿ ಅವನ ಮುಂದೆ ಬಿಚ್ಚಿದ. ಹೂಕರ್ ಹೊಗಳಲೂ ಇಲ್ಲ, ತಳ್ಳಿಹಾಕಲೂ ಇಲ್ಲ; ಕೇಳಲು ಸಿದ್ಧನಾದ. ಮರುವರ್ಷ ಅವನು ಬೇರೊಬ್ಬ ಲೇಖಕನ ವಿಷಯವಾಗಿ, ಹಲವು ಜಾತಿಗಳನ್ನು ತಾನೇ ಕೂಲಂಕಷವಾಗಿ ಪರಿಶೀಲಿಸದವನಿಗೆ ಜಾತಿಗಳ ಪ್ರಶ್ನೆಯನ್ನು ಚರ್ಚಿಸುವ ಹಕ್ಕಿಲ್ಲವೆಂಬ ಅರ್ಥದ ಮಾತೊಂದನ್ನು ಬರೆದ. ಬಾಣ ಇನ್ನೊಬ್ಬನ ಮೇಲೆ ಬಿಟ್ಟದ್ದು, ನಾಟಿದ್ದು ಡಾರ್ವಿನ್ನನಿಗೆ. ಅವನು ೧೮೪೬ರಲ್ಲಿ, ಕಡಲ ಬಂಡೆಗೂ ಹಡಗಿನ ತಳಕ್ಕೂ ಅಂಟಿಕೊಂಡು ಬೆಳೆಯುವ ಬಾರ್ನಕಲ್ ಎಂಬ ಚಿಪ್ಪಿನ ಜೀವಿಗಳ ಅಧ್ಯಯನಕ್ಕೆ ಕೈಹಾಕಿ, ಎಂಟು ವರ್ಷ ಅದರಲ್ಲಿಯೇ ಮುಳುಗಿದ. ಆ ಮಾತೊಂದೇ ಇದಕ್ಕೆ ಕಾರಣವೆನ್ನಲಾಗದು. ಆದರೆ ಅದನ್ನು ಮರೆತವನಂತೂ ಅವನಲ್ಲ. ನಾಲ್ಕು ಸಂಪುಟಗಳು ಹೊರಬಂದವು. ೧೮೫೩ರಲ್ಲಿ ರಾಯಲ್ ಸೊಸೈಟಿಯ ಪದಕ ದೊರೆಯಿತು. ಜಾತಿಗಳ ವಿಷಯದಲ್ಲಿ ಮಾತಾಡುವ ಹಕ್ಕನ್ನು ಅವನು ಹೀಗೆ ದುಡಿದು ಸಂಪಾದಿಸಿದ.

ಹೂಕರ್ ಗೆಳೆಯನ ಹಸ್ತಪ್ರತಿಗಳನ್ನು ಓದಿ, ಒಪ್ಪದ ಕಡೆ ಒಪ್ಪಲಿಲ್ಲವೆಂದು ಬರೆದುಕಳಿಸುತ್ತಿದ್ದ. ಇದರಲ್ಲಿ ಒಂದು ಅಪಘಾತವೂ ನಡೆಯಿತು. ಮಹಾಗ್ರಂಥದ ಒಂದು ಭಾಗವನ್ನು ಓದಲೆಂದು ತರಿಸಿಕೊಂಡಿದ್ದಾಗ, ಆ ಕಟ್ಟು ಹೇಗೋ ಮಕ್ಕಳು ಚಿತ್ರ ಬರೆಯುವ ಕಾಗದಗಳನ್ನಿಡುವ ಸೆಳೆಖಾನೆಯನ್ನು ಸೇರಿತು. ಹೂಕರನ ಕಣ್ಣಿಗೆ ಬೀಳುವಷ್ಟರಲ್ಲಿ ನಾಲ್ಕನೆಯ ಒಂದು ಪಾಲಿನಷ್ಟು ಹಾಳೆಗಳು ಮಕ್ಕಳ ಚಿತ್ರಕಲೆಗೆ ಬಲಿಯಾಗಿದ್ದವು. ಸ್ನೇಹ ಕೆಡಲಿಲ್ಲ.

ತಿದ್ದುವವರು ಮನೆಯೊಳಗೂ ಇದ್ದರು. ೧೮೪೪ರಲ್ಲಿ ಡಾರ್ವಿನ್ ತನ್ನ ತತ್ತ್ವವನ್ನು ೨೩೦ ಪುಟಗಳ ಪ್ರಬಂಧವಾಗಿ ಬರೆದಿಟ್ಟ. ತಾನು ಅಕಾಲದಲ್ಲಿ ಸತ್ತರೆ ಅದನ್ನು ಪ್ರಕಟಿಸಲು ೪೦೦ ಪೌಂಡು ವೆಚ್ಚಮಾಡಬೇಕೆಂದು ಹೆಂಡತಿಗೆ ಪತ್ರವನ್ನೂ ಬರೆದಿಟ್ಟ. ಎಮ್ಮಳು ದೈವಭಕ್ತೆ, ಗಂಡನ ವಿಚಾರಗಳು ಆಕೆಯ ಶ್ರದ್ಧೆಗೆ ನೋವುಂಟುಮಾಡುವಂಥವು. ಆದರೂ ಆಕೆ ಆ ಪ್ರಬಂಧವನ್ನು ಓದಿದಳು. ಕಣ್ಣಿನಂಥ ಅಂಗವು ಸಣ್ಣಸಣ್ಣ ಬದಲಾವಣೆಗಳಿಂದ ರೂಪುಗೊಂಡಿರಬಹುದು ಎಂದಿದ್ದ ಕಡೆ, ಇದು ಬಲು ದೊಡ್ಡ ಊಹೆಯೆಂಬ ಅರ್ಥದ ಟಿಪ್ಪಣಿಯನ್ನು ಅಂಚಿನಲ್ಲಿ ಬರೆದು ತನ್ನ ಹೆಸರಿನ ಮೊದಲಕ್ಷರಗಳನ್ನು ಹಾಕಿದಳು. ಮುಂದೆ ಅಚ್ಚಾದ ಗ್ರಂಥದಲ್ಲಿ ತನ್ನ ತತ್ತ್ವಕ್ಕಿರುವ ತೊಡಕುಗಳನ್ನು ಕುರಿತೇ ಒಂದು ಅಧ್ಯಾಯವುಂಟು. ಕಣ್ಣಿನ ಪ್ರಶ್ನೆ ಅಲ್ಲಿ ಎಚ್ಚರಿಕೆಯ ಚರ್ಚೆಗೆ ಬಂದಿದೆ. ಒಪ್ಪದವರೂ ಪ್ರೀತಿಯಿಂದ ಓದಬಲ್ಲರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಟೀಕೆಯೆಲ್ಲ ಹೀಗೆ ಪ್ರೀತಿಯಿಂದಲೇ ಬರುತ್ತದೆಂದು ತಿಳಿಯಬಾರದು. ೧೮೬೦ರಲ್ಲಿ ರಿಚರ್ಡ್ ಓವೆನ್ ಎಂಬ ಹಿರಿಯ ಪ್ರಾಣಿಶಾಸ್ತ್ರಜ್ಞ ಹೆಸರು ಮರೆಸಿಕೊಂಡು ಬರೆದ ವಿಮರ್ಶೆಯಲ್ಲಿ ಅಸೂಯೆಯ ವಿಷವಿತ್ತು. ಡಾರ್ವಿನ್ನನಿಗೆ ಒಂದು ರಾತ್ರಿ ನೆಮ್ಮದಿ ಕೆಟ್ಟಿತು. ೧೮೬೭ರಲ್ಲಿ ಬಂದ ಇನ್ನೊಂದು ವಿಮರ್ಶೆಗೂ ಲೇಖಕನ ಹೆಸರಿರಲಿಲ್ಲ. ಬರೆದವನು ಫ್ಲೀಮಿಂಗ್ ಜೆಂಕಿನ್. ಪ್ರಾಣಿಶಾಸ್ತ್ರಜ್ಞನಲ್ಲ, ಸಸ್ಯಶಾಸ್ತ್ರಜ್ಞನೂ ಅಲ್ಲ, ಇಂಜಿನಿಯರು. ತಂದೆತಾಯಿಗಳ ಗುಣಗಳು ಮಗುವಿನಲ್ಲಿ ಹಾಲುನೀರಿನಂತೆ ಬೆರೆತುಹೋಗುತ್ತವೆಂಬುದು ಅಂದಿನ ನಂಬಿಕೆ. ಹಾಗಿದ್ದರೆ, ಸಾವಿರದಲ್ಲಿ ಒಂದು ಪ್ರಾಣಿಗೆ ಹೊಸದೊಂದು ಒಳ್ಳೆಯ ಗುಣ ಬಂದರೂ, ಅದರ ಮರಿಯಲ್ಲಿ ಅರ್ಧ, ಮೊಮ್ಮರಿಯಲ್ಲಿ ಕಾಲು ಎಂಬಂತೆ ಅದು ಕರಗಿಹೋಗಬೇಕಲ್ಲವೆ? ಕರಗಿಹೋಗುವುದನ್ನು ಪ್ರಕೃತಿ ಆರಿಸಿ ಉಳಿಸುವುದೆಂತು? ಜೆಂಕಿನನ ಪ್ರಶ್ನೆ ಇದು. ಡಾರ್ವಿನ್ ಇದನ್ನು ತಳ್ಳಿಹಾಕಬಹುದಾಗಿತ್ತು. ಪ್ರಾಣಿಗಳ ವಿಷಯ ಇಂಜಿನಿಯರಿಗೇನು ಗೊತ್ತು ಎನ್ನಬಹುದಾಗಿತ್ತು. ಅವನು ಹಾಗೆನ್ನಲಿಲ್ಲ. ಈ ವಿಮರ್ಶೆ ತನ್ನನ್ನು ಬಹಳ ಕಾಡಿತು, ಆದರೆ ಮಿಕ್ಕೆಲ್ಲ ವಿಮರ್ಶೆಗಳಿಗಿಂತ ಹೆಚ್ಚಾಗಿ ಪ್ರಯೋಜನಕ್ಕೆ ಬಂದಿತು ಎಂದು ಹೂಕರನಿಗೆ ಬರೆದ. ೧೮೬೯ರ ಐದನೆಯ ಮುದ್ರಣದಲ್ಲಿ, ಅಪರೂಪಕ್ಕೆ ಒಂದೆರಡು ಪ್ರಾಣಿಗಳಲ್ಲಿ ಕಾಣುವ ದೊಡ್ಡ ಬದಲಾವಣೆಗಳಿಗೆ ಕೊಟ್ಟಿದ್ದ ಮಹತ್ತ್ವವನ್ನು ಇಳಿಸಿ, ಎಲ್ಲದರಲ್ಲಿಯೂ ಕಾಣುವ ಸಣ್ಣ ವ್ಯತ್ಯಾಸಗಳ ಕಡೆಗೆ ಒತ್ತನ್ನು ಸರಿಸಿದ. ೧೮೭೨ರ ಆರನೆಯ ಮುದ್ರಣದಲ್ಲಿ ಆಕ್ಷೇಪಗಳಿಗೆಂದೇ ಹೊಸದೊಂದು ಅಧ್ಯಾಯವನ್ನು ಸೇರಿಸಿದ.

ಅವನಿಗೂ ಇದು ಸುಲಭವಾಗಿ ಬಂದ ಗುಣವಲ್ಲ. ಸ್ಕಾಟ್ಲೆಂಡಿನ ಗ್ಲೆನ್ ರಾಯ್ ಕಣಿವೆಯ ಇಬ್ಬದಿಯಲ್ಲಿ ಮೆಟ್ಟಿಲಿನಂತಿರುವ ಸಮಾನಾಂತರ ರೇಖೆಗಳಿವೆ. ಅವು ಹಿಂದೊಮ್ಮೆ ಅಲ್ಲಿದ್ದ ಸಮುದ್ರದ ದಡಗಳೆಂದು ಅವನು ೧೮೩೯ರಲ್ಲಿ ಪ್ರತಿಪಾದಿಸಿದ್ದ. ಹಿಮನದಿಗಳು ಅಡ್ಡಗಟ್ಟಿದ್ದರಿಂದ ನಿಂತ ಸರೋವರಗಳ ದಡಗಳವು ಎಂದು ಮರುವರ್ಷವೇ ಅಗಾಸಿ ಎಂಬ ವಿದ್ವಾಂಸ ಹೇಳಿದ. ಡಾರ್ವಿನ್ ಬಗ್ಗಲಿಲ್ಲ. ೧೮೬೧ರಲ್ಲಿ ಜೇಮೀಸನ್ ಎಂಬವನು ಸ್ಥಳವನ್ನು ಪರೀಕ್ಷಿಸಿ ತಿಳಿಸಿದ ಮೇಲೆಯೇ ತನ್ನ ವಾದ ಬಿದ್ದಿತೆಂದು ಒಪ್ಪಿದ್ದು. ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಆ ಲೇಖನವನ್ನು ನೆನೆದರೆ ನಾಚಿಕೆಯಾಗುತ್ತದೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ನಮ್ಮಲ್ಲಿಯೂ ಇದಕ್ಕೆ ಹಳೆಯದೊಂದು ದಾರಿಯಿತ್ತು. ನಮ್ಮ ಪ್ರಾಚೀನ ಕವಿಗಳು ಕಾವ್ಯದ ಮೊದಲಲ್ಲಿ, ದೋಷವಿದ್ದರೆ ಬಲ್ಲವರು ತಿದ್ದಬೇಕೆಂದು ಬೇಡುತ್ತಿದ್ದರು. ಓಲೆಗರಿಯನ್ನು ನಕಲು ಮಾಡಿದ ಲಿಪಿಕಾರನೂ ಕೊನೆಯಲ್ಲಿ, ತಪ್ಪನ್ನು ತಿದ್ದಿ ಓದಿಕೊಳ್ಳಬೇಕೆಂದು ಬಿನ್ನವಿಸುತ್ತಿದ್ದ. ಅದು ಬರಿಯ ಸಂಪ್ರದಾಯದ ವಿನಯವೆಂದು ಹೇಳುವವರಿದ್ದಾರೆ. ಇರಬಹುದು, ಆದರೆ ಸಂಪ್ರದಾಯಕ್ಕಾದರೂ ಅಷ್ಟು ಹೇಳುವ ವಾಡಿಕೆಯಿತ್ತು. ಇಂದು ಪುಸ್ತಕ ಬಿಡುಗಡೆಯ ಸಮಾರಂಭಗಳಲ್ಲಿ ನಾವು ಕೇಳುವುದೇನು? ಪುಸ್ತಕದ ಹಾಳೆ ಮಗುಚಿ ನೋಡದವರೂ ಅದನ್ನು ಅಮೂಲ್ಯ ಕೊಡುಗೆಯೆಂದು ಕೊಂಡಾಡುತ್ತಾರೆ. ಹಾರ ಹಾಕಿ, ಹಣ್ಣು ಕೊಟ್ಟು, ಉಪ್ಪಿಟ್ಟು ತಿಂದು ಎಲ್ಲರೂ ಮನೆಗೆ ಹೋಗುತ್ತಾರೆ. ಪುಸ್ತಕದಲ್ಲಿದ್ದ ತಪ್ಪು ಎರಡನೆಯ ಮುದ್ರಣದಲ್ಲಿಯೂ, ಅದನ್ನು ನಂಬಿ ಬರೆದ ಇನ್ನೊಬ್ಬನ ಪುಸ್ತಕದಲ್ಲಿಯೂ ಸುಖವಾಗಿ ಬಾಳುತ್ತದೆ. ಯಾರಾದರೂ ಅದನ್ನು ಎತ್ತಿ ತೋರಿಸಿದರೋ, ಅವರ ಹೊಟ್ಟೆಕಿಚ್ಚಿನ ಮೂಲವನ್ನು ಹುಡುಕಲು ತೊಡಗುತ್ತೇವೆ. ಹೊಗಳಿಕೆಯೊಂದೇ ಸೌಜನ್ಯವೆಂದು ತಿಳಿದಿರುವ ಕಡೆ ವಿದ್ವತ್ತು ಬೆಳೆಯಲಾರದು. ಅಲ್ಲಿ ಬೆಳೆಯುವುದು ಪರಸ್ಪರ ಉಪಚಾರ ಮಾತ್ರ.

ವಿದ್ಯಾರ್ಥಿಗಳಾದ ನೀವು ಇದನ್ನು ದೊಡ್ಡವರ ಮಾತೆಂದು ಬಿಡಬೇಕಾಗಿಲ್ಲ. ಒಂದು ಪ್ರಬಂಧವನ್ನು ಬರೆದಾಗ ಉಪಾಧ್ಯಾಯರ ಕೆಂಪು ಶಾಯಿಗೆ ಕೊಡುವ ಮುನ್ನ ಪಕ್ಕದಲ್ಲಿ ಕುಳಿತ ಗೆಳೆಯನಿಗೋ ಗೆಳತಿಗೋ ಕೊಟ್ಟು ನೋಡಿ. 'ಹೇಗಿದೆ?' ಎಂದು ಕೇಳಿದರೆ 'ಚೆನ್ನಾಗಿದೆ' ಎಂಬ ಉತ್ತರ ಬರುತ್ತದೆ, ಅದರಿಂದ ಪ್ರಯೋಜನವಿಲ್ಲ. 'ಎಲ್ಲಿ ನಿನಗೆ ತಿಳಿಯಲಿಲ್ಲ? ಯಾವ ಮಾತನ್ನು ನೀನು ಒಪ್ಪಲಿಲ್ಲ?' ಎಂದು ಕೇಳಬೇಕು. ಡಾರ್ವಿನ್ನನ ಕಾಗದಗಳೆಲ್ಲ ಹೆಚ್ಚುಕಡಮೆ ಇಂಥ ಪ್ರಶ್ನೆಗಳೇ.

ಈ ನೆರೆಹೊರೆ ಸಿಗದೆ ಹೋದವನೊಬ್ಬನ ಕಥೆಯನ್ನೂ ಹೇಳಬೇಕು. ಡಾರ್ವಿನ್ನನ ಕಾಲದಲ್ಲಿಯೇ, ಇಂದಿನ ಚೆಕ್ ದೇಶದ ಬರ್ನೋ ಪಟ್ಟಣದ ಮಠದಲ್ಲಿ, ಗ್ರೆಗರ್ ಮೆಂಡೆಲ್ ಎಂಬ ಸಂನ್ಯಾಸಿ ಬಟಾಣಿ ಗಿಡಗಳನ್ನು ಬೆಳೆಸಿ ಎಂಟು ವರ್ಷ ಪ್ರಯೋಗ ಮಾಡಿದ. ಹಳದಿ ಕಾಳಿನ ಗಿಡಕ್ಕೂ ಹಸಿರು ಕಾಳಿನ ಗಿಡಕ್ಕೂ ಸಂಕರ ಮಾಡಿದರೆ ಮೊದಲ ಪೀಳಿಗೆಯಲ್ಲಿ ಎಲ್ಲವೂ ಹಳದಿ. ಮುಂದಿನ ಪೀಳಿಗೆಯಲ್ಲಿ ನಾಲ್ಕರಲ್ಲಿ ಒಂದು ಪಾಲು ಮತ್ತೆ ಹಸಿರು. ಗುಣಗಳು ಹಾಲುನೀರಿನಂತೆ ಬೆರೆಯುವುದಿಲ್ಲ, ಅಡಗಿದ್ದು ಮತ್ತೆ ಹೊರಬರುತ್ತವೆ ಎಂದಂತಾಯಿತು. ೧೮೬೫ರಲ್ಲಿ ತನ್ನ ಊರಿನ ವಿಜ್ಞಾನಸಂಘದಲ್ಲಿ ಇದನ್ನು ಓದಿದ, ೧೮೬೬ರಲ್ಲಿ ಅಚ್ಚಾಯಿತು. ಸಂಘದ ಸಂಚಿಕೆ ಹೊರದೇಶಗಳ ಗ್ರಂಥಭಂಡಾರಗಳಿಗೂ ಹೋಯಿತು, ಲಂಡನ್ನಿಗೂ ತಲಪಿತು. ಮೆಂಡೆಲ್ ಬೇರೆಯಾಗಿ ೪೦ ಪ್ರತಿಗಳನ್ನು ತರಿಸಿಕೊಂಡು ಕೆಲವರಿಗೆ ಕಳಿಸಿದ. ಗಂಭೀರವಾಗಿ ಪತ್ರವ್ಯವಹಾರ ನಡೆಸಿದ ದೊಡ್ಡ ವಿದ್ವಾಂಸನೆಂದರೆ ಮ್ಯೂನಿಕ್ಕಿನ ನೇಗೆಲಿ ಒಬ್ಬನೇ. ಅವನಿಗೂ ಈ ಲೆಕ್ಕಾಚಾರದ ಹಿರಿಮೆ ಹೊಳೆಯಲಿಲ್ಲ. ತಾನು ಅಭ್ಯಸಿಸುತ್ತಿದ್ದ ಹಾಕ್‌ವೀಡ್ ಎಂಬ ಗಿಡದ ಮೇಲೆ ಪ್ರಯೋಗ ನಡೆಸಲು ಪ್ರೋತ್ಸಾಹಿಸಿದ. ಆ ಗಿಡ ಬಹುಮಟ್ಟಿಗೆ ಪರಾಗದ ಸಂಪರ್ಕವಿಲ್ಲದೆಯೇ ಬೀಜ ಕಟ್ಟುವಂಥದು. ಅಂದು ಅದು ಯಾರಿಗೂ ತಿಳಿದಿರಲಿಲ್ಲ. ಬಟಾಣಿಯಲ್ಲಿ ಕಂಡ ನಿಯಮ ಅಲ್ಲಿ ಕಾಣಲಿಲ್ಲ. ೧೮೬೮ರಲ್ಲಿ ಮೆಂಡೆಲ್ ಮಠದ ಅಧಿಪತಿಯಾದ. ಆಡಳಿತದ ಭಾರದಲ್ಲಿ ಪ್ರಯೋಗಗಳು ಹಿಂದೆ ಬಿದ್ದವು.

ನೇಗೆಲಿಯನ್ನು ಖಳನಾಯಕನೆಂದು ಹಳಿಯುವುದು ನ್ಯಾಯವಲ್ಲ. ಅವನು ಉತ್ತರವನ್ನಾದರೂ ಬರೆದ. ಆದರೆ ಒಬ್ಬನೇ ಓದುಗನನ್ನು ನಂಬಿದ ವಿದ್ವಾಂಸನ ಪಾಡು ಒಂದೇ ಕಾಲುವೆಯ ನೀರನ್ನು ನಂಬಿದ ಗದ್ದೆಯಂತೆ. ಮೆಂಡೆಲ್ ಡಾರ್ವಿನ್ನನ ಗ್ರಂಥದ ಜರ್ಮನ್ ಅನುವಾದವನ್ನು ಕೊಂಡು, ಅಂಚಿನಲ್ಲಿ ಗುರುತು ಮಾಡಿಕೊಂಡು ಓದಿದ್ದ. ಡಾರ್ವಿನ್ನನಿಗೆ ಮೆಂಡೆಲನ ಲೇಖನದ ಪರಿಚಯವಾದ ಕುರುಹಿಲ್ಲ. ಜೆಂಕಿನನ ಪ್ರಶ್ನೆ ಅಚ್ಚಾದದ್ದು ೧೮೬೭ರಲ್ಲಿ. ಆ ಪ್ರಶ್ನೆಗೆ ಬೇಕಾಗಿದ್ದ ಉತ್ತರದ ತಿರುಳು ಅದಕ್ಕೆ ಒಂದು ವರ್ಷ ಮೊದಲೇ ಅಚ್ಚಾಗಿ, ಓದುವವರಿಲ್ಲದೆ ಕಪಾಟುಗಳಲ್ಲಿ ಕುಳಿತಿತ್ತು. ಡಾರ್ವಿನ್ ೧೮೮೨ರಲ್ಲಿ, ಮೆಂಡೆಲ್ ೧೮೮೪ರಲ್ಲಿ, ಜೆಂಕಿನ್ ೧೮೮೫ರಲ್ಲಿ ತೀರಿಕೊಂಡರು. ೧೯೦೦ರಲ್ಲಿ ಹಾಲೆಂಡಿನ ಡಿ ವ್ರೀಸ್, ಜರ್ಮನಿಯ ಕಾರೆನ್ಸ್, ಆಸ್ಟ್ರಿಯದ ಚೆರ್ಮಾಕ್ ಎಂಬ ಮೂವರು ಸಸ್ಯಶಾಸ್ತ್ರಜ್ಞರು ಬೇರೆಬೇರೆಯಾಗಿ ಇಂಥ ಪ್ರಯೋಗಗಳನ್ನೇ ನಡೆಸಿ, ತಮಗಿಂತ ಮೊದಲು ಈ ವಿಷಯವನ್ನು ಯಾರು ಹೇಳಿದ್ದಾರೆಂದು ಹಳೆಯ ಸಂಚಿಕೆಗಳಲ್ಲಿ ಹುಡುಕಿದರು. ಮೂವರಿಗೂ ಅಲ್ಲಿ ಎದುರಾದದ್ದು ಮೂವತ್ತನಾಲ್ಕು ವರ್ಷದ ಹಿಂದಿನ ಮೆಂಡೆಲನ ಹೆಸರು.